ಎಲೆ ತಿರುವಿ ನೋಡುತ್ತಿದ್ದಾಕೆ

ಆಕೆ ತೀರಿಕೊಂಡ ದಿನ ನಮ್ಮ ಅಂಗಳದಲ್ಲಿ ನನಗಿಂತ ಜೋರಾಗಿ ಅತ್ತವರು ಬಹಳ ಮಂದಿ ಇದ್ದರು. ಅದನ್ನು ಕೂಡ ನನಗೆ ಸಹಿಸಲಾಗಲಿಲ್ಲ. ತುಬಚಿಯಿಂದ ಟಂಟಂ ಗಾಡಿ ಮಾಡಿಕೊಂಡು ಬಂದ ಹೆಂಗಸರಿದ್ದರು. ಜಮಖಂಡಿ ಕಡೆಯ ಒಬ್ಬಾಕೆ, ನಾನು ಅದಕ್ಕೂ ಮೊದಲು ಎಂದೂ ಮುಖ ನೋಡಿರದವಳು, ತಾನು ಅಕ್ಕನ ದನಿಯನ್ನು ಫೋನಿನಲ್ಲಿ ಇಟ್ಟುಕೊಂಡಿದ್ದೇನೆಂದು ಎಲ್ಲರಿಗೂ ಹೇಳಿ ಹೇಳಿ ಅತ್ತಳು. ನಾನು ಬಾಗಿಲ ಮರೆಯಲ್ಲಿ ಕುಳಿತಿದ್ದೆ. ಇವರೆಲ್ಲ ಆಕೆಯ ದನಿ ಕೇಳಿದವರು, ನಾನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆಕೆಯ ಕೂಡ ಒಂದೇ ಒಲೆಯ ಮುಂದೆ ಕುಳಿತವಳು, ಮೊದಲು ಅಳುವ ಪಾಳಿ ಯಾರದು ಎಂದು ನನ್ನೊಳಗೇ ವಾದ ನಡೆದಿತ್ತು. ಆ ವಾದದಲ್ಲಿ ನನಗೆ ಕಣ್ಣೀರೇ ಬರಲಿಲ್ಲ.

ಆಕೆ ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಅನ್ನುತ್ತಿದ್ದೆ. ಆಕೆಯ ತವರು ರಬಕವಿ, ಮಗ್ಗದ ಮನೆ. ನನ್ನ ತವರು ಮುಧೋಳದ ಹತ್ತಿರ, ಕಬ್ಬು ಬೆಳೆಯುವವರು. ಇಬ್ಬರೂ ಬಂದು ಸೇರಿದ್ದು ಬೀಳಗಿ ಕಡೆಯ ಈ ಕೆಂಪು ಮಸಾರಿ ನೆಲದ ಊರಿಗೆ. ಮುಂದೆ ಅಣ್ಣತಮ್ಮಂದಿರು ಹೊಲ ಹಂಚಿಕೊಂಡರು. ಒಲೆ ಮಾತ್ರ ಒಂದೇ ಉಳಿಯಿತು, ಒಲೆಯ ಹಿಂದೆ ಅತ್ತೆಯೂ ಒಬ್ಬಳೇ.

ಆಕೆ ನೋಡಲು ಅಂಥ ಚೆಲುವೆಯಲ್ಲ. ಗಿಡ್ಡ ಆಳು, ಅಗಲ ಮುಖ, ನಡೆಯುವಾಗ ಬಲಗಾಲು ಸ್ವಲ್ಪ ಎಳೆಯುತ್ತಿದ್ದಳು. ಅಡುಗೆಯಲ್ಲಿ ಕೈ ಓಡದು. ರೊಟ್ಟಿ ದಪ್ಪ, ಅಂಚು ಹಸಿ. ಹಾಲು ಒಲೆಯ ಮೇಲಿಟ್ಟು ಮರೆಯುವುದು ಆಕೆಯ ರೂಢಿ. ಆಕೆಯ ಕೈಯಲ್ಲಿ ಹಾಲು ಉಕ್ಕಿದರೆ ಅತ್ತೆ, ಉಕ್ಕಲಿ ಬಿಡು, ಮನೆಗೆ ಒಳ್ಳೆಯದು ಅನ್ನುತ್ತಿದ್ದಳು. ನನ್ನ ಕೈಯಲ್ಲಿ ಉಕ್ಕಿದರೆ, ಎಮ್ಮೆಗೆ ಹಾಕಿದ ಹಿಂಡಿಯೆಲ್ಲ ಬೂದಿಗೆ ಹೋಯಿತು ಅನ್ನುತ್ತಿದ್ದಳು. ಇಂಥವನ್ನು ನಾನು ಒಂದೂ ಮರೆತಿಲ್ಲ. ನನ್ನ ಮಗಳು ಜಮಖಂಡಿಯ ಹಾಸ್ಟೆಲಿನಿಂದ ಫೋನು ಮಾಡಿದರೆ ಮೊದಲ ಮಾತು, ದೊಡ್ಡವ್ವ ಎಲ್ಲಿ? ಹೆತ್ತವಳು ಫೋನು ಹಿಡಿದುಕೊಂಡು ಹೊಲಕ್ಕೆ ಹೋಗಿ ದೊಡ್ಡವ್ವನಿಗೆ ಕೊಟ್ಟು ಬರಬೇಕು.

ಆದರೂ ಇವೆಲ್ಲ ಮನೆಯೊಳಗಿನ ಹೊಟ್ಟೆಕಿಚ್ಚು. ಯಾವ ಮನೆಯಲ್ಲಿ ಇಲ್ಲ? ನನ್ನನ್ನು ನಿಜವಾಗಿ ಸುಟ್ಟದ್ದು ಆಲೂಗಡ್ಡೆಯ ಹೊಲ.

ನಮ್ಮ ಕಡೆ ಆಲೂಗಡ್ಡೆ ಬೆಳೆಯುವವರು ಕಡಿಮೆ. ಬೆಳೆದವರೂ ಬೀಜದ ಗಡ್ಡೆಯನ್ನು ದೂರದ ಪಂಜಾಬಿನಿಂದ ಬಂದ ಚೀಲದಲ್ಲಿ ಕೊಳ್ಳುತ್ತಿದ್ದರು. ಅದು ತಡವಾಗಿ ಬರುವುದು, ಒಮ್ಮೊಮ್ಮೆ ರೋಗ ಹೊತ್ತು ಬರುವುದು. ಒಂದು ವರ್ಷ ಊರಿನ ಕೆಲವು ಮನೆಯವರು ಸೇರಿ ಬೀಜದ ಗಡ್ಡೆ ನಾವೇ ಮಾಡೋಣ ಎಂದು ಚಳಿಗಾಲದಲ್ಲಿ ತುಂಡು ತುಂಡು ಹೊಲ ಹಾಕಿದರು. ತೋಟಗಾರಿಕೆ ಕಚೇರಿಯಿಂದ ಒಬ್ಬ ಮೇಡಂ ಬಂದು ನಮಗೆ, ಅಂದರೆ ಹೆಂಗಸರಿಗೆ, ಹುಳ ನೋಡುವುದನ್ನು ಕಲಿಸಿದರು.

ಎಲೆಯ ಕೆಳಗೆ ಎಳ್ಳಿಗಿಂತ ಸಣ್ಣದೊಂದು ಹಸಿರು ಹೇನು ಕೂರುತ್ತದೆ. ರಸ ಹೀರುತ್ತದೆ, ಅದು ದೊಡ್ಡ ಮಾತಲ್ಲ. ರೋಗದ ಗಿಡಕ್ಕೆ ಬಾಯಿ ಹಾಕಿದ ಹೇನು ಒಳ್ಳೆಯ ಗಿಡಕ್ಕೂ ಬಾಯಿ ಹಾಕುತ್ತದೆ, ಕೆಡುಕು ಅಲ್ಲಿದೆ. ರೋಗ ಎಲೆಯಿಂದ ಕಾಂಡಕ್ಕೆ, ಕಾಂಡದಿಂದ ನೆಲದೊಳಗಿನ ಗಡ್ಡೆಗೆ ಇಳಿಯುತ್ತದೆ. ಆ ಗಡ್ಡೆ ನೋಡಲು ಚೊಕ್ಕಟವಾಗಿಯೇ ಇರುತ್ತದೆ, ಮುಂದಿನ ಸಲ ಬಿತ್ತಿದಾಗ ಮುದುಡಿದ ಎಲೆ ಹೊತ್ತುಕೊಂಡು ಏಳುತ್ತದೆ. ಅದಕ್ಕೇ, ಹೇನು ಮಿತಿ ಮೀರಿತು ಅನ್ನಿಸಿದ ಕೂಡಲೇ ರೋಗ ಗಡ್ಡೆಗೆ ಇಳಿಯುವ ಮುಂಚೆ ಮೇಲಿನ ಗಿಡವನ್ನು ನೆಲದ ಮಟ್ಟಕ್ಕೆ ಕೊಯ್ದು ಹಾಕಬೇಕು. ಹಸಿರಾಗಿ ನಗುತ್ತಿರುವ ಗಿಡವನ್ನು. ಬೇಗ ಕೊಯ್ದರೆ ಗಡ್ಡೆ ಗೋಲಿಯಷ್ಟೇ ಉಳಿಯುತ್ತದೆ, ತಡವಾದರೆ ಬೀಜವೇ ಕೆಡುತ್ತದೆ. ಇವೆರಡರ ನಡುವೆ ಸಿಗುವ ಸರಿಯಾದ ಹೊತ್ತು ಬಹಳ ಸಣ್ಣದು. ಆ ಹೊತ್ತನ್ನು ಹೇಳುವವರ ಮಾತಿಗೆ ಊರು ಕಾಯುತ್ತದೆ.

ಮೇಡಂ ಒಂದು ರೂಢಿ ಹಾಕಿಕೊಟ್ಟರು: ತನ್ನ ಹೊಲವನ್ನು ತಾನು ನೋಡಬಾರದು. ಒಡತಿಯ ಕಣ್ಣು ತನಗೆ ಬೇಕಾದದ್ದನ್ನೇ ನೋಡುತ್ತದೆ, ಹೇನು ಕಂಡರೂ ಕಾಣುವುದಿಲ್ಲ. ಆದ್ದರಿಂದ ಒಬ್ಬರ ಹೊಲ ಇನ್ನೊಬ್ಬರು ನೋಡಬೇಕು, ನೋಡಿದವರು ಕೊಯ್ಯಿರಿ ಅಂದರೆ ಒಡತಿ ತಿರುಗಿ ಮಾತಾಡುವಂತಿಲ್ಲ. ಊರಿನವರು ಇದಕ್ಕೆ ತಮ್ಮದೂ ಒಂದು ಸೇರಿಸಿದರು. ಕೊಯ್ಯಿರಿ ಅಂದವಳೇ ಮೊದಲ ಗಿಡಕ್ಕೆ ಕುಡುಗೋಲು ಹಾಕಬೇಕು. ಹಸಿ ಬೆಳೆ ಕೊಯ್ದ ಪಾಪ ಆಕೆಗೆ ಹೋಗಲಿ ಅನ್ನುವ ಲೆಕ್ಕ.

ಮನೆಯಲ್ಲಿ ಮೆಟ್ರಿಕ್ ಪಾಸಾದವಳು ನಾನು. ಅಕ್ಕ ಏಳನೆಯದಕ್ಕೇ ಸಾಲಿ ಬಿಟ್ಟವಳು. ಹೇನು ದೊಡ್ಡದಾಗಿ ಕಾಣುವ ಸಣ್ಣ ಭೂತಗನ್ನಡಿಯನ್ನು ಮೇಡಂ ನನ್ನ ಕೈಗೇ ಕೊಟ್ಟರು. ಮುಂದಿನ ವರ್ಷದ ಹೊತ್ತಿಗೆ ಅದು ದಾರ ಕಟ್ಟಿಸಿಕೊಂಡು ಅಕ್ಕನ ಕೊರಳಲ್ಲಿತ್ತು, ತಾಳಿಯ ಪಕ್ಕ. ಯಾರೂ ಕಸಿದುಕೊಳ್ಳಲಿಲ್ಲ. ಕೇಳಿದವರೆಲ್ಲ ಆಕೆಯನ್ನೇ ಕೇಳುತ್ತಿದ್ದರು, ಹಾಗಾಗಿ ಭೂತಗನ್ನಡಿಯೂ ಅಲ್ಲಿಗೇ ಹೋಯಿತು.

ಆಕೆ ಎಲೆ ನೋಡುವ ರೀತಿ ಹೇಳುತ್ತೇನೆ. ನಾವೆಲ್ಲ ಎಲೆ ಕಿತ್ತು ತಿರುವಿ ನೋಡುತ್ತಿದ್ದೆವು. ಆಕೆ ಕೀಳುತ್ತಿರಲಿಲ್ಲ. ಎರಡು ಬೆರಳನ್ನು ಎಲೆಯ ಕೆಳಗೆ ಒಯ್ದು, ಮಲಗಿದ ಕೂಸಿನ ಗದ್ದ ಎತ್ತಿದ ಹಾಗೆ ಮೆಲ್ಲಗೆ ತಿರುವುತ್ತಿದ್ದಳು. ಹೇನಿಗೆ ತಾನು ಸಿಕ್ಕಿಬಿದ್ದದ್ದು ಗೊತ್ತಾಗಬಾರದು ಅನ್ನುವಳು. ಹೊಲದಲ್ಲಿ ಹಾವು ಹೋದ ಹಾಗೆ ಅಡ್ಡಡ್ಡ ಹೋಗುವಳು, ಒಂದು ಗಿಡದಲ್ಲಿ ಮೇಲಿನೆಲೆ, ಇನ್ನೊಂದರಲ್ಲಿ ನಡುವಿನದು, ಮತ್ತೊಂದರಲ್ಲಿ ನೆಲಕ್ಕೆ ತಾಗಿದ್ದು. ಬಾಯಲ್ಲಿ ಏನೋ ಗೊಣಗಾಟ. ಎಣಿಕೆ ಅಂದುಕೊಂಡಿದ್ದೆ. ಹತ್ತಿರ ಹೋಗಿ ಕೇಳಿದರೆ, ತನ್ನ ತವರಿನ ಬೀಗರನ್ನು ಬಯ್ಯುತ್ತಿದ್ದಳು.

ಬೀಗರ ಮಾತು ಆಕೆಗೆ ಎಲ್ಲಕ್ಕೂ ಬೇಕು. ಹೇನಿನಲ್ಲಿ ರೆಕ್ಕೆ ಇದ್ದದ್ದು ಇರುತ್ತದೆ, ಇಲ್ಲದ್ದು ಇರುತ್ತದೆ. ಹೊಸಬರಿಗೆ ಆಕೆ ಕಲಿಸುವ ರೀತಿ ಹೀಗಿತ್ತು:

"ರೆಕ್ಕಿ ಇಲ್ಲದ್ದು ಮನಿ ಮಂದಿ. ಇದ್ದಲ್ಲೇ ಇದ್ದು ತಿಂತಾವ. ರೆಕ್ಕಿ ಇದ್ದದ್ದು ಬೀಗರು. ನಾಕ ಮನಿ ಉಂಡು, ನಾಕ ಮನಿ ಸುದ್ದಿ ಹೊತ್ತುಕೊಂಡು ಬರ್ತಾವ. ಬೀಗರು ಬಂದ್ರಂದ್ರ ಗಾಬರಿ ಆಗ್ರಿ."

ಹೆಂಗಸರು ನಗುವರು. ನಗುತ್ತಲೇ ಕಲಿತುಬಿಡುವರು. ಅದೇ ಮಾತನ್ನು ನಾನು ಸರಿಯಾದ ಪದಗಳಲ್ಲಿ, ಮೇಡಂ ಹೇಳಿದ ಹಾಗೆಯೇ ಹೇಳಿದರೆ ಸೆರಗಿನ ಮರೆಯಲ್ಲಿ ಆಕಳಿಸುವರು. ನನ್ನ ಮುಖ ಬಾಡಿದ್ದು ಆಕೆಗೆ ಕೂಡಲೇ ಕಾಣುತ್ತಿತ್ತು. ಎಲ್ಲರೆದುರೇ ಅನ್ನುವಳು, "ಏನಬೇ ಮುಧೋಳದಾಕಿ, ಕಬ್ಬಿನ ಊರಾಗ ಹುಟ್ಟಿ ಮಾರಿ ಯಾಕ ಹುಳ್ಳಗ ಮಾಡಿ?" ಮತ್ತೆ ಎಲ್ಲರೂ ನಗುವರು.

ಕೈಗೆ ದೊಡ್ಡ ಫೋನು ಬಂದ ಮೇಲಂತೂ ಹೇಳುವುದೇ ಬೇಡ. ನದಿ ದಂಡೆಯ ಊರುಗಳಲ್ಲಿ ಬದನೆ, ಮೆಣಸಿನಕಾಯಿ ಹಾಕಿದವರು ಕೂಡ ಎಲೆಯ ಚಿತ್ರ ತೆಗೆದು ಕಳಿಸುವರು. ಆಕೆಗೆ ಫೋನಿನಲ್ಲಿ ಬರೆಯಲು ಬೆರಳು ಓಡದು, ದನಿಯಲ್ಲೇ ಉತ್ತರ. ಕಟ್ಟೆಯ ಮೇಲೆ ಕುಳಿತು, ಚಹಾ ಬಸಿಯಲ್ಲಿ ಸುರಿದುಕೊಂಡು, ಎಲೆ ಮಸುಕಾಗಿದೆ, ಸರಿಯಾಗಿ ಹಿಡಿ, ನಿನ್ನ ಹೆಬ್ಬೆರಳು ತೆಗಿ ಎಂದು ಹೇಳುತ್ತ ಇರುವಳು. ಸ್ವಲ್ಪ ಜಂಬವೂ ಇತ್ತು. ಯಾರಾದರೂ ಹಾದುಹೋಗುವಾಗ ದನಿ ಏರುತ್ತಿತ್ತು. ನಾನು ಒಳಗೆ ಆಕೆಯ ಪಾಲಿನ ರೊಟ್ಟಿಯನ್ನೂ ಬಡಿಯುತ್ತಿದ್ದೆ.

ಆಕೆ ಒಂದು ಸಲವಾದರೂ ತಪ್ಪಲಿ ಎಂದು ನಾನು ಕಾದಿದ್ದೇನೆ. ತಪ್ಪಿದಳು ಕೂಡ. ಅದೂ ನನ್ನ ಹೊಲದಲ್ಲಿ.

ನನ್ನ ಹೊಲ ನೋಡುವುದು ಆಕೆಯ ಪಾಲು, ಆಕೆಯ ಹೊಲ ನೋಡುವುದು ನನ್ನ ಪಾಲು. ಆ ವರ್ಷ ನನ್ನ ಗಿಡಗಳು ಎದ್ದು ನಿಂತ ರೀತಿಗೆ ದಾರಿಯಲ್ಲಿ ಹೋಗುವವರು ಎರಡು ಮಾತು ಆಡಿಯೇ ಹೋಗುತ್ತಿದ್ದರು. ಅಂಚಿನಲ್ಲಿ ನಾವು ಹಳದಿ ಬೋಗುಣಿ ಇಟ್ಟು ಸಾಬೂನು ನೀರು ತುಂಬಿರುತ್ತೇವೆ. ಹಾರುವ ಹೇನಿಗೆ ಹಳದಿ ಅಂದರೆ ಮರುಳು, ಬಂದು ಬೀಳುತ್ತದೆ. ಅದಕ್ಕೇ ಹುಳ ನೋಡುವ ದಿನ ಹಳದಿ ಸೀರೆ ಉಡಬಾರದು ಎಂದು ಅಕ್ಕನೇ ಎಲ್ಲರನ್ನೂ ಗದರುತ್ತಿದ್ದಳು. ಒಂದು ಮುಂಜಾನೆ ಆಕೆ ನನ್ನ ಹೊಲದಿಂದ ಎದ್ದು ಬಂದು, ಬೀಗರು ದಿಬ್ಬಣ ಕಟ್ಟಿಕೊಂಡು ಬಂದಿದ್ದಾರೆ, ಇವತ್ತೇ ಕೊಯ್ಯಬೇಕು ಅಂದಳು. ನಾನು ಬೇಡ ಅನ್ನುವಂತಿಲ್ಲ. ಆಕೆಯೇ ಮೊದಲ ಗಿಡ ಕೊಯ್ದಳು, ನಾವು ಉಳಿದದ್ದು ಕೊಯ್ದೆವು. ಅತ್ತೆ ಒಡ್ಡಿನ ಮೇಲೆ ಕುಳಿತು ಬಾಯಿಗೆ ಸೆರಗು ಹಿಡಿದುಕೊಂಡಿದ್ದಳು.

ಪಕ್ಕದವರ ಹೊಲದಲ್ಲಿ ಹೇನು ಇರಲಿಲ್ಲ. ಅದರಾಚೆಗೂ ಇರಲಿಲ್ಲ. ಆಕೆ ಎರಡು ದಿನ ಒಬ್ಬಳೇ ಯೋಚನೆಯಲ್ಲಿದ್ದಳು. ಮೂರನೆಯ ದಿನ ಹೊಳೆಯಿತು. ರಬಕವಿಯಿಂದ ಆಕೆಯ ಅಣ್ಣ ಮಾರಲೆಂದು ಒಂದು ಗಂಟು ಸೀರೆ ಕಳಿಸಿದ್ದ. ಬಸ್ಸಿನಲ್ಲಿ ಯಾರದೋ ಕೊಡ ಉರುಳಿ ಗಂಟೆಲ್ಲ ನೆಂದಿತ್ತು. ಅಕ್ಕ ಆ ಸೀರೆಗಳನ್ನು ನನ್ನ ಹೊಲದ ಬೇಲಿಯ ತಂತಿಯ ಮೇಲೆ ಉದ್ದಕ್ಕೆ ಹರವಿ ಒಣಗಿಸಿದ್ದಳು. ಮದುವೆಯ ದಿನಗಳು, ಗಂಟಿನಲ್ಲಿ ಹೆಚ್ಚಿನವು ಅರಿಷಿಣ ಬಣ್ಣದವು. ಸುತ್ತಲಿನ ಹಾರುವ ಹೇನೆಲ್ಲ ಆ ಸೀರೆಗೆ ಮರುಳಾಗಿ ಬಂದು ಬೇಲಿಯ ಬದಿಯ ಗಿಡಗಳ ಮೇಲೆ ಇಳಿದಿತ್ತು. ಹೊಲದ ನಡುವೆ ಏನೂ ಇರಲಿಲ್ಲ. ಬೋಗುಣಿ ನೋಡಿ, ಬದಿಯ ಗಿಡ ನೋಡಿ, ನಡುವಿಗೆ ಹೋಗುವ ಮುಂಚೆಯೇ ಆಕೆ ಗಾಬರಿಗೆ ಬಿದ್ದಿದ್ದಳು.

ನನ್ನ ಗಡ್ಡೆ ಅಡಿಕೆಗಿಂತ ಸ್ವಲ್ಪ ದೊಡ್ಡವು ಸಿಕ್ಕವು. ಸಿಟ್ಟು ಬಂತು. ಜೊತೆಗೆ, ಖರೆ ಹೇಳಬೇಕೆಂದರೆ, ಒಳಗೊಳಗೇ ಒಂದು ಸಮಾಧಾನ. ಇನ್ನು ಮಂದಿಗೆ ಗೊತ್ತಾಗುತ್ತದೆ ಅಂದುಕೊಂಡೆ. ಗೊತ್ತಾಯಿತು. ಆಕೆಯೇ ಮನೆ ಮನೆಗೆ ಹೋಗಿ ಹೇಳಿದಳು. ನಮ್ಮ ತವರಿನ ಸೀರೆ ಉಡುವವರಿಗಿಂತ ಮೊದಲು ಹೇನಿಗೆ ಮೆಚ್ಚಿಗೆಯಾಯಿತು, ವ್ಯಾಪಾರ ಅಂದರೆ ಹೀಗಿರಬೇಕು ಎಂದು ಹೇಳಿ ತಾನೂ ನಕ್ಕು ಅವರನ್ನೂ ನಗಿಸಿದಳು. ತುಬಚಿಗೆ ಕೂಡ ಫೋನಿನಲ್ಲಿ ಹೇಳಿದಳು. ಕೇಳಿದವರು, ತನ್ನ ತಪ್ಪು ತಾನೇ ಹೇಳುವವಳ ಮಾತು ನಂಬಬಹುದು ಎಂದು ಮೊದಲಿಗಿಂತ ಹೆಚ್ಚು ಕೇಳತೊಡಗಿದರು. ಆ ವರ್ಷದ ಬೀಜಕ್ಕೆಂದು ತನ್ನ ಗಡ್ಡೆಯಲ್ಲಿ ಅರ್ಧ ತಂದು ನನ್ನ ಪಾಲಿನ ಮೂಲೆಯಲ್ಲಿ ಸುರಿದು ಹೋದಳು. ಹಾಗೆ ಮಾಡುವವಳ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ಎಷ್ಟು ಕಷ್ಟ ಎಂದು ಯಾರಿಗೆ ಹೇಳಲಿ? ನಾನು ಕಷ್ಟಪಟ್ಟು ಇಟ್ಟುಕೊಂಡೆ.

ಆಕೆಯ ಹೊಲವನ್ನು ನಾನು ನೋಡುತ್ತಿದ್ದೆ ಅಂದೆನಲ್ಲ. ಅದು ಹೆಸರಿಗೆ ಅಂತ ನನ್ನ ನಂಬಿಕೆಯಾಗಿತ್ತು. ನಾನು ಹೋಗುವ ಮುಂಚೆಯೇ ಆಕೆ ನೋಡಿರುತ್ತಾಳೆ, ರೂಢಿಗೆಂದು ನನ್ನನ್ನು ಕೇಳುತ್ತಾಳೆ, ನನ್ನ ಮಾತು ತನ್ನ ಲೆಕ್ಕಕ್ಕೆ ತಾಳೆಯಾದರೆ ಹೂಂ ಅನ್ನುತ್ತಾಳೆ. ನಾನು ಎಲೆ ತಿರುವುವಾಗಲೆಲ್ಲ ಆಕೆ ಒಡ್ಡಿನ ಮೇಲೆ ನಿಂತಿರುತ್ತಿದ್ದಳು. ಪರೀಕ್ಷೆಗೆ ಕೂತ ಹುಡುಗಿಯ ಹಿಂದೆ ಮಾಸ್ತರರು ನಿಂತ ಹಾಗೆ ನನಗೆ ಬೆನ್ನು ಉರಿಯುತ್ತಿತ್ತು. ಅದಕ್ಕೇ ಆಕೆಯ ಹೊಲವನ್ನು ಯಾರ ಹೊಲಕ್ಕಿಂತಲೂ ನಿಧಾನವಾಗಿ ನೋಡುತ್ತಿದ್ದೆ. ನೆಲಕ್ಕೆ ಮಂಡಿಯೂರಿ, ಅಡಿಯ ಎಲೆಯವರೆಗೂ.

ಹೋದ ವರ್ಷ ಬಿತ್ತನೆ ಮುಗಿದ ಮೇಲೆ ಆಕೆಗೆ ಹೊಟ್ಟೆಯ ಬೇನೆ ಶುರುವಾಯಿತು. ಮೊದಲು ಪಿತ್ತ ಅಂದರು, ಆಮೇಲೆ ಲಿವರು ಅಂದರು, ಆಮೇಲೆ ಡಾಕ್ಟರು ಭಾವನನ್ನು ಹೊರಗೆ ಕರೆದು ಮಾತಾಡಿದರು. ಜಮಖಂಡಿಯ ಆಸ್ಪತ್ರೆಯಲ್ಲಿ ಮಲಗಿದಳು. ಅಗಲವಾದ ಆ ಮುಖ ಚಿಕ್ಕದಾಗಿತ್ತು, ಕಣ್ಣು ಹಳದಿ. ನಾನು ದಿನ ಬಿಟ್ಟು ದಿನ ಜೋಳದ ಗಂಜಿ ಒಯ್ಯುತ್ತಿದ್ದೆ. ಮಂಚದ ಸುತ್ತ ಯಾವಾಗಲೂ ಯಾರಾದರೂ ಇರುತ್ತಿದ್ದರು. ಆವತ್ತು ಯಾರೂ ಇರಲಿಲ್ಲ. ಎರಡು ಚಮಚ ಗಂಜಿ ಕುಡಿದು ಕೇಳಿದಳು.

"ನನ್ನ ಹೊಲಾ ಏನಂತೈತಿ?"

ನಿನಗೆ ಗೊತ್ತೇ ಇರುತ್ತದಲ್ಲ, ಇಲ್ಲಿಗೆ ಬರುವ ಮುಂಚೆ ನೋಡಿರುತ್ತೀ, ಅಂದೆ.

"ನನಗೇನ ಗೊತ್ತು? ಯಾವಾಗರ ನನ್ನ ಹೊಲಾ ನಾ ನೋಡೇನೇನು? ಇಷ್ಟ ವರ್ಷ ನೀ ಕೊಯ್ಯಿ ಅಂದಾಗ ಕೊಯ್ದೇನಿ, ಬ್ಯಾಡ ಅಂದಾಗ ಬಿಟ್ಟೇನಿ."

ನಾನು ನಂಬಲಿಲ್ಲ. ಸುಳ್ಳು ಹೇಳಬೇಡ, ಒಡ್ಡಿನ ಮೇಲೆ ನಿಂತು ನಾನು ಮಾಡುವುದನ್ನೆಲ್ಲ ನೋಡುತ್ತಿದ್ದೆಯಲ್ಲ ಅಂದೆ.

ಆಕೆ ನಕ್ಕಳು. ನಕ್ಕರೆ ನೋವಾಗುತ್ತಿತ್ತು, ಹೊಟ್ಟೆಯ ಮೇಲೆ ಕೈ ಒತ್ತಿಕೊಂಡೇ ನಕ್ಕಳು.

"ಹೊಲಾ ಅಲ್ಲಬೇ, ನಿನ್ನ ಮಾರಿ ನೋಡತಿದ್ದೆ. ಎಲೀ ಎತ್ತುವಾಗ ಹೆಂಗಿರತೈತಿ ಗೊತ್ತೇನು? ಎಲ್ಲೆರ ಒಂದ ಹೇನು ಸಿಗಲಿ ನಮ್ಮವ್ವಾ, ಇಕೀದು ಒಂದ ಸಲ ಕೆಡಲಿ, ಅನ್ನೂ ಹಂಗ. ಅತ್ತಿ ನೋಡಿದ್ರ ಎಲ್ಲಾ ಛಲೋ ಐತಿ ಅಂತಾಳ. ನಿಮ್ಮ ಭಾವಗ ಹೇನೂ ಒಂದ, ಧೂಳೂ ಒಂದ. ನನ್ನ ಹೊಲಕ್ಕ ಹೊಟ್ಟಿಕಿಚ್ಚಿನಾಕೀನ ಬೇಕಾಗಿತ್ತು. ನಿನ್ನ ಕಣ್ಣಿಗೆ ಒಂದೂ ತಪ್ಪೂದಿಲ್ಲ."

ನಾನು ಗಂಜಿಯ ಡಬ್ಬಿಗೆ ಮುಚ್ಚಳ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಇಷ್ಟು ವರ್ಷ ಆಕೆಗೆ ಗೊತ್ತಿತ್ತು. ಗೊತ್ತಿದ್ದೂ ತನ್ನ ಬೆಳೆಯನ್ನು ನನ್ನ ಕೈಗೆ ಕೊಟ್ಟು ಒಡ್ಡಿನ ಮೇಲೆ ನಿಂತಿದ್ದಳು.

"ಸಿಟ್ಟ ಬಂತೇನು?"

ಇಲ್ಲ ಅಂದೆ.

"ಹಂಗಾರ ಹೇಳು. ಕೊಯ್ಯೂದೋ, ಬ್ಯಾಡೋ?"

ಹಿಂದಿನ ದಿನ ನಾನು ಆಕೆಯ ಹೊಲದಲ್ಲಿ ರೆಕ್ಕೆಯ ಹೇನು ಕಂಡಿದ್ದೆ. ಅಲ್ಲೊಂದು ಇಲ್ಲೊಂದು ಅಲ್ಲ, ಹೊಲದ ನಡುವೆಯೇ. ಗಿಡ ಮೊಣಕಾಲು ಮುಟ್ಟುತ್ತಿತ್ತು, ಹೂವಿತ್ತು. ಆಸ್ಪತ್ರೆಯಲ್ಲಿ ಮಲಗಿದವಳಿಗೆ ನಿನ್ನ ಹಸಿರು ಬೆಳೆ ಕೊಯ್ಯಬೇಕು ಅನ್ನಲು ನಾಲಗೆ ಹೇಗೆ ಬರುತ್ತದೆ? ಬೇರೆ ಯಾರೇ ಆಗಿದ್ದರೂ ಇನ್ನೊಂದು ವಾರ ನೋಡೋಣ ಅನ್ನುತ್ತಿದ್ದರು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು, ಆ ಹಳದಿ ಕಣ್ಣಿನಿಂದ.

"ಕೊಯ್ಯಬೇಕು," ಅಂದೆ. "ನಾಳಿಗೇ."

"ಆತು," ಅಂದಳು. "ಕೊಯ್ಯಿ."

ಮರುದಿನ ಮೊದಲ ಗಿಡಕ್ಕೆ ನಾನೇ ಕುಡುಗೋಲು ಹಾಕಿದೆ. ಭಾವ ದೂರ ನಿಂತಿದ್ದರು, ಬರಲಿಲ್ಲ. ಅತ್ತೆ, ಆಕೆ ಬರುವವರೆಗಾದರೂ ಬಿಡಬಾರದಿತ್ತೇ ಎಂದು ಅತ್ತಳು. ನಾನು ಮುಂದಿನ ಗಿಡಕ್ಕೆ ಬಾಗಿದೆ. ಗಿಡ ಕೊಯ್ದ ಮೇಲೂ ಸಿಪ್ಪೆ ಬಲಿಯಲೆಂದು ಗಡ್ಡೆಯನ್ನು ಎರಡು ಮೂರು ವಾರ ನೆಲದಲ್ಲೇ ಬಿಡುತ್ತೇವೆ. ಅದು ಬಲಿಯುವ ಮುಂಚೆಯೇ ಅಕ್ಕ ಹೋದಳು. ಅಗೆದಾಗ ಗಡ್ಡೆ ಕೋಳಿಮೊಟ್ಟೆಯಷ್ಟಿದ್ದವು. ಆ ಬೀಜವನ್ನೇ ಈ ವರ್ಷ ಊರೆಲ್ಲ ಹಾಕಿದ್ದಾರೆ. ಯಾವ ಹೊಲದಲ್ಲೂ ಮುದುಡಿದ ಎಲೆ ಎದ್ದಿಲ್ಲ. ಎಲ್ಲರೂ, ಆಕೆಯ ಹೊಲದ ಬೀಜ, ಆಕೆಯ ಕಣ್ಣು ಬಿದ್ದ ಬೀಜ ಅನ್ನುತ್ತಾರೆ. ಮೊದಲಾಗಿದ್ದರೆ ಇದೊಂದು ಮಾತಿಗೇ ನಾನು ವಾರ ಊಟ ಬಿಡುತ್ತಿದ್ದೆ.

ಈಗ ಎಲ್ಲರ ಹೊಲ ನೋಡುವುದು ನನ್ನ ಕೆಲಸ. ಫೋನು ನನಗೇ ಬರುತ್ತದೆ. ಜಮಖಂಡಿಯ ಆ ಹೆಂಗಸು ಕೂಡ ಎಲೆಯ ಚಿತ್ರ ಕಳಿಸುತ್ತಾಳೆ. ಅತ್ತೆ ಹಾಲು ಉಕ್ಕಿದರೆ ಏನೂ ಅನ್ನುವುದಿಲ್ಲ, ಅದು ನನಗೆ ಸೇರುವುದಿಲ್ಲ. ಒಂದು ಕಾಲದಲ್ಲಿ ನನಗೆ ಬೇಕಾಗಿದ್ದದ್ದೆಲ್ಲ ಒಂದೊಂದಾಗಿ ಬಂದಿದೆ.

ನನ್ನ ಹೊಲವನ್ನು ಮಾತ್ರ ನಾನು ನೋಡುವಂತಿಲ್ಲವಲ್ಲ. ಅದನ್ನು ನೋಡಲು ಮೂರನೆಯ ಮನೆಯ ಸೊಸೆ ಬರುತ್ತಾಳೆ. ಒಳ್ಳೆಯ ಹುಡುಗಿ, ಚುರುಕು, ನಾನೇ ಕಲಿಸಿದ್ದು. ಮೊನ್ನೆ ಬಂದು ನೋಡಿ, ಒಡ್ಡು ಹತ್ತಿ, ಕೈ ಝಾಡಿಸಿಕೊಂಡು, ಎಲ್ಲ ಚೆನ್ನಾಗಿದೆ ಅಂದಳು. ಅಡಿಯ ಎಲೆ ತಿರುವಿ ನೋಡಿದೆಯಾ ಎಂದು ಕೇಳಿದೆ.

"ನೋಡೇನ್ರಿ ವೈನಿ," ಅಂದಳು ನಗುತ್ತ. "ನಿಮ್ಮ ಹೊಲದಾಗ ಹುಳಾ ಇರತಾವೇನ್ರಿ?"

ಆಕೆಯ ಮುಖವನ್ನು ನಾನು ಬಹಳ ಹೊತ್ತು ನೋಡಿದೆ. ತೊಳೆದಿಟ್ಟ ತಟ್ಟೆಯ ಹಾಗಿತ್ತು, ನನ್ನ ಮೇಲೆ ಎಳ್ಳಷ್ಟೂ ಕಿಚ್ಚಿಲ್ಲ. ಚಹಾ ಕುಡಿದು ಹೋಗು ಎಂದು ಕಳಿಸಿ ಒಡ್ಡಿನ ಮೇಲೆಯೇ ನಿಂತೆ. ಗಾಳಿಗೆ ಎಲೆಗಳು ಮಗುಚಿ ಮಗುಚಿ ಬೀಳುತ್ತಿದ್ದವು. ಕೆಳಗೆ ಏನಿದೆ ಎಂದು ನನಗೆ ಹೇಳುವವರು ಇಲ್ಲ. ಅಕ್ಕನಿಗೆ ನಾನಿದ್ದೆ. ಆಕೆಯ ಬಗ್ಗೆ ಈಗ ನನಗೆ ಉಳಿದಿರುವ ಹೊಟ್ಟೆಕಿಚ್ಚು ಇದೊಂದೇ, ಇದು ಮಾತ್ರ ಆರುವ ಹಾಗಿಲ್ಲ.